ರಬಿಯಲ್ಲ, ರಗ್ಬಿ

ಮಾಸ್ತರಿಕೆಯಲ್ಲಿ ಬಾಯಿಗೆ ಬಾರದ ಮಾತೊಂದಿದೆ. ಅದು ‘ಗೊತ್ತಿಲ್ಲ’ ಎಂಬುದು. ಗಣಿತದ ಮಾಸ್ತರರಿಗೆ ಲೆಕ್ಕ ಬಿಡಿಸಲು ಬಾರದಿದ್ದರೆ ‘ಇದನ್ನು ಮನೆಯಲ್ಲಿ ಮಾಡಿಕೊಂಡು ಬನ್ನಿ’ ಎನ್ನುತ್ತಾರೆ. ವಿಜ್ಞಾನದವರು ‘ಇದು ಪರೀಕ್ಷೆಗೆ ಬರುವುದಿಲ್ಲ’ ಎಂದು ಹಾಳೆ ಮಗುಚುತ್ತಾರೆ. ನಾನು ದೈಹಿಕ ಶಿಕ್ಷಣದವನು, ಜನರ ಬಾಯಲ್ಲಿ ಪಿ.ಟಿ. ಮಾಸ್ತರ. ನನಗೆ ಗೊತ್ತಿಲ್ಲದ ಸಂಗತಿ ಎದುರಾದರೆ ಸೀಟಿ ಊದುತ್ತೇನೆ. ಸೀಟಿ ಕೇಳಿದ ಕೂಡಲೇ ಪ್ರಶ್ನೆ ಕೇಳಿದ ಹುಡುಗನೂ ಸೇರಿ ಎಲ್ಲರೂ ಮೈದಾನದ ಸುತ್ತ ಓಡತೊಡಗುತ್ತಾರೆ. ಈ ಉಪಾಯದಿಂದ ಮಸ್ಕಿಯ ಹೈಸ್ಕೂಲಿನಲ್ಲಿ ಕೂದಲು ಬೆಳ್ಳಗಾಗುವ ತನಕ ಮರ್ಯಾದೆಯಿಂದ ಬದುಕಿದ್ದೆ. ಆದರೆ ಲಿಂಗಸುಗೂರಿನ ಆ ಸಭೆಗೆ ಹೋಗುವಾಗ ನಾನು ಸೀಟಿ ಒಯ್ದಿರಲಿಲ್ಲ. ಮುಂದಿನದೆಲ್ಲ ಅದರಿಂದಲೇ ಆಯಿತು.

ಸಭೆಯ ಸಂದೇಶ ಬಂದದ್ದು ಹೆಡ್ ಮಾಸ್ತರ ಬಸಯ್ಯನವರ ಮೊಬೈಲಿಗೆ. ‘ಸಮುದಾಯ ರಗ್ಬಿ ಸೌಲಭ್ಯಗಳಿಗೆ ಹಾಗೂ ಸರ್ವರ ಪಾಲ್ಗೊಳ್ಳುವಿಕೆಗೆ ಸರ್ಕಾರದ ಅನುದಾನ, ತಮ್ಮ ಶಾಲೆಯಿಂದ ಒಬ್ಬರನ್ನು ಕಳುಹಿಸುವುದು’ ಎಂದಿತ್ತು. ಬಸಯ್ಯನವರು ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ಓದಿದರು. ಅವರು ಮೂಲತಃ ಕನ್ನಡದ ಮಾಸ್ತರರು. ತಪ್ಪು ತಿದ್ದುವುದು ಅವರ ರಕ್ತದಲ್ಲಿದೆ. “ಇಲ್ಲಿ ಟೈಪ್ ಮಾಡೋರು ನಡುವ ಒಂದು ಗ ಜಾಸ್ತಿ ಒತ್ಯಾರ. ಇದು ರಬಿ. ರಬಿ ಬೆಳಿಗೆ ಅನುದಾನ ಬಂದೈತಿ. ನಿಮ್ಮ ಮಾವನವರ ಮನಿಯಾಗ ಹೊಲ ಐತೆಲ್ಲ, ನೀವ ಹೋಗಿ ಬರ್ರಿ,” ಎಂದರು. ಶಾಲೆಗೂ ಹಿಂಗಾರಿ ಬೆಳೆಗೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ಮಾಸ್ತರರನ್ನು ಮನುಷ್ಯರನ್ನು ಎಣಿಸಲು ಕಳಿಸುತ್ತಾರೆ, ಓಟು ಎಣಿಸಲು ಕಳಿಸುತ್ತಾರೆ. ಕಡಲೆ ಎಣಿಸಲು ಕಳಿಸಿದರೆ ಆಶ್ಚರ್ಯವೇನು?

ಬಸ್ಸು ತಡವಾಗಿ ಸಭೆಯ ಹಿಂದಿನ ಸಾಲೇ ನನಗೆ ಗತಿಯಾಯಿತು. ತಲೆಯ ಮೇಲೆ ಫ್ಯಾನು ರೈಸ್ ಮಿಲ್ಲಿನಂತೆ ಸದ್ದು ಮಾಡುತ್ತಿತ್ತು. ಮುಂದೆ ನಿಂತಿದ್ದ ಅಧಿಕಾರಿಗಳು ಮೈಸೂರು ಕಡೆಯವರು, ಬಹಳ ಮೃದುವಾಗಿ ಮಾತಾಡುವವರು. ನಾನು ಕುಳಿತ ಸ್ವಲ್ಪ ಹೊತ್ತಿಗೆ ಅವರು ನನ್ನ ಕಡೆ ಕೈ ತೋರಿಸಿ, “ಮಸ್ಕಿಯವರು ತಾನೇ? ನಿಮ್ಮೂರಲ್ಲಿ ರಗ್ಬಿ ಇದೆಯಾ?” ಎಂದು ಕೇಳಿದರು. ಫ್ಯಾನಿನ ಕೆಳಗೆ ನನಗೆ ಬೇಕಾದದ್ದೇ ಕೇಳಿಸಿತು.

“ಐತ್ರಿ ಸರ್. ನಮ್ಮ ಕಡೆ ಎಲ್ಲಾ ಅದ. ಈ ಸಲ ಚಲೋ ಬಂದೈತಿ,” ಎಂದೆ.

ಅಧಿಕಾರಿಗಳ ಮುಖ ಅರಳಿತು. ಸಭೆಯೆಲ್ಲ ಹಿಂದೆ ತಿರುಗಿ ನನ್ನನ್ನು ನೋಡಿತು. “ಹೆಣ್ಣುಮಕ್ಕಳೂ ಬರ್ತಾರಾ?” ಎಂದು ಕೇಳಿದರು.

“ಹೆಣ್ಮಕ್ಕಳು ಇಲ್ಲದ ಎಲ್ಲಿ ನಡೀತೈತ್ರಿ? ಗಂಡಸರು ದಂಡಿಗೆ ಕುಂತಿರ್ತಾರ. ಬಗ್ಗೋರು, ಏಳೋರು ಎಲ್ಲಾ ಅವರ.”

“ವಿಕಲಚೇತನರು?”

“ಎಲ್ಲಾರೂ ಬರ್ತಾರ್ರಿ. ಕೈಲಾದಷ್ಟು ಮಾಡ್ತಾರ.”

ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಇಡೀ ಜಿಲ್ಲೆಯಲ್ಲಿ ಈ ಯೋಜನೆಯ ಆತ್ಮವನ್ನು ಅರಿತವರು ಮಸ್ಕಿಯವರೊಬ್ಬರೇ ಎಂದರು. ಆಮೇಲೆ ಮೇಜಿನ ಕೆಳಗಿಂದ ಒಂದು ಚೀಲ ತೆಗೆದು, ಅದರಿಂದ ಮೊಟ್ಟೆಯಾಕಾರದ ಚೆಂಡೊಂದನ್ನು ಎತ್ತಿ ನನ್ನ ಕೈಗೇ ಕೊಟ್ಟರು. ಚೆಂಡು ಕೈಗೆ ಬಂದ ಮೇಲೆ ಇದು ರಬಿಯಲ್ಲ, ಯಾವುದೋ ಆಟ ಎಂದು ನನಗೆ ತಿಳಿಯಿತು. ‘ಗೊತ್ತಿಲ್ಲ’ ಎನ್ನಲು ಅದೇ ಸರಿಯಾದ ಗಳಿಗೆಯಾಗಿತ್ತು. ನಾನು ಚೆಂಡನ್ನು ಎರಡು ಸಲ ಒತ್ತಿ, ಪರಿಣತನ ಹಾಗೆ ತಲೆದೂಗಿ, “ಗಾಳಿ ಸರಿ ಐತಿ” ಎಂದು ಹೇಳಿ ಕುಳಿತೆ.

ಯೋಜನೆಯ ವಿವರವನ್ನು ಆಗ ಕಿವಿಗೊಟ್ಟು ಕೇಳಿದೆ. ಊರಿನವರೆಲ್ಲ ಸೇರಿ ಆಡುವ ರಗ್ಬಿ. ಒಬ್ಬರ ಮೇಲೊಬ್ಬರು ಬೀಳುವ ಗುದ್ದಾಟವಿಲ್ಲ. ಸೊಂಟದ ಪಟ್ಟಿಗೆ ಎರಡು ರಿಬ್ಬನ್ ಅಂಟಿಸಿಕೊಂಡು ಚೆಂಡು ಹಿಡಿದು ಓಡಬೇಕು. ಎದುರಿನವರು ರಿಬ್ಬನ್ ಕಿತ್ತರೆ ನಿಂತು ಚೆಂಡನ್ನು ತನ್ನವರಿಗೆ ಕೊಡಬೇಕು. ತಂಡದಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಅಂಗವಿಕಲರಿರಬೇಕು, ವಯಸ್ಸಾದವರೂ ಇರಬಹುದು. ತಪಾಸಣೆಗೆ ಬಂದವರ ಮುಂದೆ ಒಂದು ಆಟ ಆಡಿ ತೋರಿಸಿದರೆ ಮೈದಾನ ಸಮತಟ್ಟು ಮಾಡಿಸಿ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಕೋಣೆ ಮತ್ತು ಶೌಚಾಲಯ ಕಟ್ಟಿಸಿಕೊಡುತ್ತಾರೆ. ಕೋಣೆಯ ಮಾತು ಬಂದಾಗ ನಾನು ನೆಟ್ಟಗೆ ಕುಳಿತೆ. ನಮ್ಮ ಶಾಲೆಯ ಮೈದಾನಕ್ಕೆ ಇರುವುದು ಒಂದು ಬೇವಿನ ಮರ ಮಾತ್ರ. ಗಂಡುಹುಡುಗರಿಗೆ ಅದೇ ಕೋಣೆ, ಅದೇ ಶೌಚಾಲಯ.

ಮಸ್ಕಿಗೆ ಮರಳುವ ಬಸ್ಸಿನಲ್ಲಿ ಚೆಂಡನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದ ಮುದುಕಿ ಬಹಳ ಹೊತ್ತು ನೋಡಿ, “ಪಪ್ಪಾಯಿ ಎಲ್ಲಿ ತಗೊಂಡ್ರಿ?” ಎಂದಳು. ಚೆಂಡು ಎಂದೆ. ಅವಳು ಅದನ್ನು ಬೆರಳಿನಿಂದ ಒತ್ತಿ, “ಇನ್ನಾ ಕಾಯಿ ಐತಿ, ಜ್ವಾಳದ ಚೀಲದಾಗ ಇಡ್ರಿ,” ಎಂದಳು. ಮನೆಯಲ್ಲಿ ಹೆಂಡತಿ ಗಿರಿಜಾ ಅದನ್ನು ತಿರುಗಿಸಿ ನೋಡಿ, “ಸೊಟ್ಟಗಾಗೈತಲ್ರಿ. ನಿಮಗ ಯಾವಾಗ್ಲೂ ಉಳದ ಮಾಲು ಕೊಟ್ಟು ಕಳಸ್ತಾರ,” ಎಂದಳು. ಮರುದಿನ ಶಾಲೆಯ ಗೇಟಿನ ಮುಂದೆ ಊರಿನ ರೈತರು ಕಾದಿದ್ದರು. ರಬಿ ಅನುದಾನದ ಸುದ್ದಿಯನ್ನು ಬಸಯ್ಯನವರು ಚಹಾದಂಗಡಿಯಲ್ಲಿ ಹೇಳಿಬಿಟ್ಟಿದ್ದರು. “ಕಡ್ಲಿ ಬೀಜ ಯಾವಾಗ ಕೊಡ್ತಾರ್ರಿ ಸರ್?” ಎಂದು ಕೇಳಿದರು. ನಾನು ಸೀಟಿ ಊದಿದೆ. ರೈತರು ಓಡಲಿಲ್ಲ. ಕೊನೆಗೆ ಬಸಯ್ಯನವರೇ ಹೊರಗೆ ಬಂದು, ಒಂದು ಗ ಎಷ್ಟು ಅನಾಹುತ ಮಾಡಬಲ್ಲದು ಎಂಬುದನ್ನು ವ್ಯಾಕರಣ ಸಮೇತ ವಿವರಿಸಿ ಕಳಿಸಿದರು.

ಗಂಡಸರನ್ನು ಕೂಡಿಸುವುದು ಕಷ್ಟವಾಗಲಿಲ್ಲ. ಹೊಸ ಆಟ ಎಂದು ಮೊದಲ ಸಂಜೆ ಬೇಕಾದಷ್ಟು ಮಂದಿ ಬಂದರು. ಅವರ ಉತ್ಸಾಹಕ್ಕೆ ತಣ್ಣೀರು ಬಿದ್ದದ್ದು ಒಂದೇ ನಿಯಮದಿಂದ. ರಗ್ಬಿಯಲ್ಲಿ ಮುಂದಕ್ಕೆ ಓಡಬೇಕು, ಆದರೆ ಚೆಂಡನ್ನು ಹಿಂದಕ್ಕೆ ಕೊಡಬೇಕು. ಬಸ್ ಸ್ಟ್ಯಾಂಡಿನ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮಹಾಂತೇಶ ಅದನ್ನು ಕೇಳಿ, “ಹಂಗಾದ್ರ ಇದು ಆಫೀಸಿನ ಆಟ ಬಿಡ್ರಿ. ಸಾಹೇಬ್ರು ಮುಂದ, ಫೈಲು ಹಿಂದ,” ಎಂದ. ಮಹಾಂತೇಶನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಒಂದು ಕಾಲು ಸಣ್ಣದಾಗಿದೆ. ಬಗಲಿಗೆ ಊರುಗೋಲು, ಓಡಾಡಲು ಮೂರು ಗಾಲಿಯ ಸ್ಕೂಟರು, ಬಾಯಿಗೆ ಮಾತ್ರ ಯಾವ ಊರುಗೋಲೂ ಬೇಡ. ನಾನು ಅವನನ್ನು ಕರೆಸಿ, ಗೆರೆಯ ಆಚೆ ಒಂದು ಒಳ್ಳೆಯ ಕುರ್ಚಿ ಹಾಕಿಸಿ, ತಂಡದ ಅಂಗಿ ಕೊಟ್ಟು ಗೌರವದಿಂದ ಕೂರಿಸಿದ್ದೆ. ಅವನು ಅಂಗಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೇಳಿದ, “ಸರ್, ನನ್ನ ಆಟಕ್ಕ ಕರದೀರೋ, ಫೋಟೋಕ್ಕ ಕರದೀರೋ? ಫೋಟೋಕ್ಕಾದ್ರ ತಲಿ ಬಾಚಿಕೊಂಡು ಬರ್ತಿದ್ದೆ.”

ನನ್ನ ಕೈ ತಾನಾಗಿಯೇ ಸೀಟಿಯ ಕಡೆ ಹೋಯಿತು. “ಸೀಟಿ ಊದಬ್ಯಾಡ್ರಿ ಸರ್, ನಾ ಓಡಿ ಹೋಗಾಂವಲ್ಲ,” ಎಂದ ಮಹಾಂತೇಶ. ನಾನು ಕುರ್ಚಿ ತೆಗೆಸಿದೆ. ತನ್ನ ಪಾಲಿನ ನಿಯಮವನ್ನು ಅವನೇ ಮಾಡಿದ. ಅವನು ಎದುರಿನ ಗೆರೆಯ ಬಳಿ ನಿಲ್ಲುತ್ತಾನೆ. ಅವನ ರಿಬ್ಬನ್ ಕೀಳಲು ಬರುವವರು ಒಂಟಿ ಕಾಲಿನಲ್ಲಿ ಕುಂಟುತ್ತಾ ಬರಬೇಕು. “ಆಗ ಸಮ ಆಕ್ಕೈತಿ,” ಎಂದ. ಎರಡು ಕಾಲಿನವರು ಕುಂಟಿದಾಗ ಎಷ್ಟು ಬೇಗ ಬೀಳುತ್ತಾರೆ ಎಂಬುದನ್ನು ಆ ಸಂಜೆಯೇ ಕಂಡೆವು.

ಹೆಂಗಸರ ಕಥೆ ಬೇರೆ. ಗಿರಿಜಾಳನ್ನು ಕೇಳಿದೆ. “ಈ ವಯಸ್ಸಿಗೆ ನಾನು ಸೊಂಟಕ್ಕ ರಿಬ್ಬನ್ ಕಟಿಗೊಂಡು ಓಡ್ಲ್ಯಾ? ಮಂದಿ ನೋಡಿದ್ರ ಏನಂದಾರು,” ಎಂದು ರೊಟ್ಟಿ ಬಡಿಯುವ ಸದ್ದು ಜೋರು ಮಾಡಿದಳು. ರಿಬ್ಬನ್ ಹೊಲಿಸಲು ನಮ್ಮ ಓಣಿಯ ರಜಿಯಾ ಬೇಗಂ ಅವರ ಬಳಿ ಹೋದೆ. ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಅವರು ಟೇಲರು. ಅರ್ಧ ಮಸ್ಕಿಯ ರವಿಕೆಗಳು ಅವರ ಮಿಷನ್ನಿನ ಕೆಳಗೆ ಹಾದು ಬಂದಿವೆ. ಪರಕಾರದ ಬಟ್ಟೆಯ ತುಂಡುಗಳನ್ನು ಕತ್ತರಿಸುತ್ತಾ ಆಟದ ವಿವರವನ್ನೆಲ್ಲ ಕೇಳಿದರು. ಕೇಳಿದ ಮೇಲೆ ಮಿಷನ್ ನಿಲ್ಲಿಸಿದರು.

“ಸರ್, ನನ್ನ ಮಗಳು ಶಬಾನಾ ಎಂಟನೇತ್ತೆ ತನಕ ನಿಮ್ಮ ಕಬಡ್ಡಿ ಟೀಮಿನಾಗ ಇದ್ಲು. ಒಂಬತ್ತಕ್ಕ ಬಿಟ್ಲು. ಯಾಕ ಬಿಟ್ಲಂತ ಕೇಳೀರೇನು?”

“ಹೊಟ್ಟಿನೋವು ಅಂದಿದ್ಲು,” ಎಂದೆ.

“ವರ್ಷಪೂರ್ತಿ ಯಾರಿಗೆ ಹೊಟ್ಟಿ ನೋಯ್ತದ್ರಿ ಸರ್? ಬಟ್ಟಿ ಬದಲಿ ಮಾಡಾಕ ಖೋಲಿ ಇಲ್ಲ, ಹೋಗಾಕ ಜಾಗ ಇಲ್ಲ. ಬೇವಿನ ಗಿಡದ ಹಿಂದ ನಿಲ್ಲು ಅಂತೀರೇನು? ಖೋಲಿ ಕಟ್ಟಸ್ರಿ, ನಾನೂ ಬರ್ತೀನಿ, ಓಣಿ ಹೆಂಗಸರನ್ನೆಲ್ಲಾ ಕರ್ಕೊಂಡ ಬರ್ತೀನಿ.”

ಹೆಂಗಸರು ಬಂದು ಆಡಿದರೆ ಕೋಣೆ ಬರುತ್ತದೆ, ಕೋಣೆ ಬಂದರೆ ಹೆಂಗಸರು ಬರುತ್ತಾರೆ. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನಾನು ಅದುವರೆಗೆ ಗಂಡುಮಕ್ಕಳ ತಂದೆತಾಯಂದಿರಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡಿದ್ದೆ. ಮನೆಗೆ ಬಂದು ಊಟಕ್ಕೆ ಕುಳಿತಾಗ ಶಬಾನಾಳ ಹೊಟ್ಟೆನೋವಿನ ಸಂಗತಿಯನ್ನು ಗಿರಿಜಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆಮೇಲೆ, “ನಮ್ಮ ಮನಿ ಮೈದಾನದ ಮಗ್ಗಲಕ್ಕ ಐತೆಲ್ಲ. ಖೋಲಿ ಆಗೋತನಕ ಇಲ್ಲೇ ಬರ್ಲಿ,” ಎಂದಳು. ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, “ನೀವು ಹೊರಗ ಕುಂದ್ರಬೇಕಾಕ್ಕೈತಿ,” ಎಂದಳು.

ಅಂದಿನಿಂದ ಸಂಜೆಯಾದರೆ ನನ್ನ ಮನೆಯಿಂದ ನಾನು ಹೊರಗೆ. ಒಳಗೆ ಓಣಿಯ ಹೆಂಗಸರು, ಹೈಸ್ಕೂಲಿನ ಹುಡುಗಿಯರು, ಅವರ ಚೀಲಗಳು, ಚಪ್ಪಲಿಗಳು, ನಗು. ನಾನು ಕಟ್ಟೆಯ ಮೇಲೆ ಕುಳಿತು ಚಹಾಕ್ಕೆ ಕಾಯುತ್ತಿದ್ದೆ. ದಾರಿಹೋಕರು “ಮನಿಯಾಗ ಏನ್ ಕಾರ್ಯಕ್ರಮ ಸರ್?” ಎಂದು ಕೇಳಿದರೆ ‘ಸರ್ಕಾರದ್ದು’ ಎನ್ನುತ್ತಿದ್ದೆ. ಒಂದು ಸಂಜೆ ಆಟಕ್ಕೆ ಒಬ್ಬರು ಕಡಿಮೆ ಬಿದ್ದರು. ಒಳಗಿಂದ ಗಿರಿಜಾ ಸೆರಗು ಸಿಕ್ಕಿಸಿಕೊಂಡು, ಯಾರದೋ ಬೂಟು ಹಾಕಿಕೊಂಡು ಬಂದಳು. ಮಂದಿ ಏನಂದಾರು ಎಂದು ಕೇಳೋಣವೆಂದುಕೊಂಡೆ. ಕೇಳುವಷ್ಟರಲ್ಲಿ ಅವಳು ಪೋಸ್ಟಾಫೀಸಿನ ಗುಮಾಸ್ತರ ರಿಬ್ಬನ್ ಕಿತ್ತಾಗಿತ್ತು. ಮದುವೆಯಾದಾಗಿನಿಂದ ನನ್ನ ಕೈಯಿಂದ ಪೇಪರು, ರಿಮೋಟು, ಮಿರ್ಚಿ ತಟ್ಟೆ ಕಿತ್ತುಕೊಂಡು ಬಂದ ಆ ಕೈಗೆ ಹೊಸದಾಗಿ ಕಲಿಯುವುದೇನಿರಲಿಲ್ಲ. ತರಬೇತುದಾರನಾಗಿ ನಾನೂ ಒಮ್ಮೆ ಅವಳ ಎದುರಿಗೆ ಓಡಿ ತೋರಿಸಲು ಹೋದೆ. ಮೂರನೆಯ ಹೆಜ್ಜೆ ಇಡುವ ಮೊದಲೇ ನನ್ನ ಎರಡೂ ರಿಬ್ಬನ್ ಅವಳ ಕೈಯಲ್ಲಿದ್ದವು. ಅದಾದ ಮೇಲೆ ನಾನು ಬಾಯಿಮಾತಿನಲ್ಲೇ ತರಬೇತಿ ಕೊಡತೊಡಗಿದೆ.

ತಪಾಸಣೆಯ ದಿನ ಗೊತ್ತಾಯಿತು. ಎದುರು ತಂಡವಾಗಿ ಸಿಂಧನೂರಿನ ಆರ್.ಎಚ್. ಕ್ಯಾಂಪಿನವರು ಬರಲು ಒಪ್ಪಿದರು. ಹಿಂದೆ ನಿರಾಶ್ರಿತರಾಗಿ ಬಂದು ಅಲ್ಲಿ ನೆಲೆಸಿದ ಬಂಗಾಳಿ ಮನೆಗಳ ಹೆಂಗಸರು, ಗಂಡಸರು. ಅವರ ಮುಖಂಡೆ ಮಾಲತಿ ಸಿಂಧನೂರಿನ ಸಂತೆಯಲ್ಲಿ ಮೀನು ಮಾರುವವಳು. ಹಿಂದಿನ ದಿನ ಮಧ್ಯಾಹ್ನ ಮಳೆ ಸುರಿಯಿತು. ನಮ್ಮದು ಎರೆಮಣ್ಣಿನ ಮೈದಾನ. ಒಣಗಿದಾಗ ಕಾಲು ಹೋಗುವಷ್ಟು ಬಿರುಕು, ನೆನೆದಾಗ ಒಂದು ಹೆಜ್ಜೆಗೆ ಅರ್ಧ ಹೊಲ ಚಪ್ಪಲಿಗೆ ಅಂಟಿಕೊಳ್ಳುತ್ತದೆ. ನಾನು ಅಂದು ಇಸ್ತ್ರಿ ಮಾಡಿದ ಟ್ರ್ಯಾಕ್ ಸೂಟು, ಬಿಳಿ ಟೊಪ್ಪಿಗೆ, ಕೊರಳಿಗೆ ಹೊಸ ಸೀಟಿ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದೆ. ಲಿಂಗಸುಗೂರಿನ ಜೀಪು ಬರುವುದಕ್ಕೂ, ಕ್ಯಾಂಪಿನವರನ್ನು ತುಂಬಿಕೊಂಡ ಟಂಟಂ ಆಟೋ ಗೇಟಿನ ಬಳಿ ಹೂತುಕೊಳ್ಳುವುದಕ್ಕೂ ಸರಿಹೋಯಿತು. ಸೀಟಿಯನ್ನು ರಜಿಯಾ ಆಪಾ ಕೈಗೆ ಕೊಟ್ಟು, “ಸ್ವಲ್ಪ ನೋಡ್ಕೊಳ್ರಿ” ಎಂದು ಹಿಂದಿನಿಂದ ಟಂಟಂ ದೂಡಲು ಹೋದೆ. ಡ್ರೈವರು ಆಕ್ಸಿಲರೇಟರ್ ಒತ್ತಿದ. ಗಾಲಿ ಜಾಗದಲ್ಲೇ ಗಿರಗಿರ ತಿರುಗಿ, ಮೈದಾನದ ಒಂದು ಪಾಲನ್ನು ನನ್ನ ಮುಖಕ್ಕೆ, ಟೊಪ್ಪಿಗೆಗೆ, ಟ್ರ್ಯಾಕ್ ಸೂಟಿಗೆ ಎರಚಿತು. ಟಂಟಂ ಹೊರಬಂತು. ನಾನು ಕಪ್ಪು ಕಲ್ಲಿನ ವಿಗ್ರಹವಾಗಿ ನಿಂತಿದ್ದೆ.

ನಾನು ಕಣ್ಣು ಒರೆಸಿಕೊಂಡು ಬರುವಷ್ಟರಲ್ಲಿ ಪರಿಚಯವೆಲ್ಲ ಮುಗಿದಿತ್ತು. ಮೊದಲಿನ ಅಧಿಕಾರಿಗಳಿಗೆ ವರ್ಗವಾಗಿ ಅವರ ಜಾಗಕ್ಕೆ ಒಬ್ಬ ಮೇಡಂ ಬಂದಿದ್ದರು. ಸೀಟಿ ರಜಿಯಾ ಆಪಾ ಕೈಯಲ್ಲಿದ್ದುದರಿಂದ ಅವರೇ ಕೋಚ್ ಎಂದು ತಿಳಿದು ಮೇಡಂ ಅವರ ಕೈ ಕುಲುಕಿದ್ದರು. ಆಪಾ ಬುರ್ಖಾದ ತೋಳು ಮೇಲೇರಿಸಿ ಸೀಟಿ ಊದಿಯೂ ಬಿಟ್ಟರು. ಆಟ ಶುರುವಾಯಿತು.

ಕೆಸರಿನಲ್ಲಿ ನಮ್ಮವರು ಎಮ್ಮೆಗಳಂತೆ ನಿಧಾನವಾದರು. ಕ್ಯಾಂಪಿನವರು ಮಾತ್ರ ಬೂಟು ಕಳಚಿ ಬದಿಗಿಟ್ಟು ಬರಿಗಾಲಿನಲ್ಲಿ ಓಡಿದರು. ಮಾಲತಿ ನನ್ನ ಪಕ್ಕದಲ್ಲೇ ಹಾದು ಹೋಗುವಾಗ, “ಇದೇನ್ ಕೆಸರು ಬಿಡ್ರಿ. ನೆಲ್ಲು ಹಚ್ಚೋ ಟೈಮಿಗೆ ನಮ್ಮ ಕಡೆ ಬರ್ರಿ, ತೋರಸ್ತೀನಿ,” ಎಂದಳು. ನಮ್ಮನ್ನು ಉಳಿಸಿದವನು ಮಹಾಂತೇಶ. ಗೆರೆಯ ಬಳಿ ಊರುಗೋಲು ಊರಿ ನಿಂತಿದ್ದ. ಗಿರಿಜಾ ಅವನಿಗಿಂತ ಒಂದು ಹೆಜ್ಜೆ ಮುಂದಕ್ಕೆ ಓಡಿ, ನಿಯಮದ ಪ್ರಕಾರ ಚೆಂಡನ್ನು ಹಿಂದಕ್ಕೆ ಅವನಿಗೆ ಎಸೆಯುತ್ತಿದ್ದಳು. ಅವನ ರಿಬ್ಬನ್ ಕೀಳಲು ಕ್ಯಾಂಪಿನವರು ಒಂಟಿ ಕಾಲಿನಲ್ಲಿ ಕುಂಟಬೇಕು. ಎರೆಮಣ್ಣಿನಲ್ಲಿ ಒಂಟಿ ಕಾಲು ಇಟ್ಟವರು ಅಲ್ಲೇ ನಾಟಿಯಾಗುತ್ತಿದ್ದರು. ಮಹಾಂತೇಶ ಅವರಿಗೆಲ್ಲ ಕೈ ಬೀಸಿ ಗೆರೆಯಾಚೆ ಚೆಂಡು ಊರುತ್ತಿದ್ದ. ಮೇಡಂ ಕೊಡೆಯನ್ನು ಬದಿಗಿಟ್ಟು ನಗುತ್ತಿದ್ದರು.

ಅಷ್ಟರಲ್ಲಿ ಪೋಸ್ಟಾಫೀಸಿನ ಗುಮಾಸ್ತರ ಕಾಲು ಉಳುಕಿತು. ಮೇಡಂ ಸುತ್ತ ನೋಡಿ, ದಂಡೆಯಲ್ಲಿ ಕೆಸರು ಮೆತ್ತಿಕೊಂಡು ನಿಂತಿದ್ದ ನನ್ನನ್ನು ಕರೆದರು. “ಯಜಮಾನ್ರೇ, ನೀವು ಬನ್ನಿ. ಹೆದರ್ಕೋಬೇಡಿ, ಯಾರು ಬೇಕಾದ್ರೂ ಆಡಬಹುದು,” ಎಂದರು. ಬಸಯ್ಯನವರು ಏನೋ ಹೇಳಲು ಬಾಯಿ ತೆರೆದರು. ರಜಿಯಾ ಆಪಾ ಸೀಟಿ ಊದಿದರು. ಸೀಟಿ ಊದಿದರೆ ಓಡಬೇಕು ಎಂಬುದನ್ನು ನಾನೇ ಊರಿಗೆಲ್ಲ ಕಲಿಸಿದ್ದು. ಓಡಿದೆ.

ಚೆಂಡು ನನ್ನ ಕೈಗೆ ಬಂದಾಗಲೆಲ್ಲ ರಿಬ್ಬನ್ ಹೋಗುತ್ತಿತ್ತು. ಒಮ್ಮೆ ಮಾತ್ರ ಎದುರಿಗೆ ಯಾರೂ ಇರಲಿಲ್ಲ. ಗೆರೆಯ ತನಕ ಬಯಲು. “ರೀ, ಹಿಂದಕ್ಕ ಕೊಡ್ರಿ, ಹಿಂದಕ್ಕ,” ಎಂದು ಗಿರಿಜಾ ಕೂಗಿದಳು. ಕೊಡುವುದೇಕೆ, ನಾನೇ ಮುಗಿಸುತ್ತೇನೆ ಎಂದು ಧಾವಿಸಿದೆ. ಒಂದು ಬೂಟು ಮಣ್ಣಿನಲ್ಲೇ ಉಳಿಯಿತು. ಇನ್ನೊಂದು ಕಾಲು ಮೊಣಕಾಲ ತನಕ ಹೂತಿತು. ಗಾಬರಿಯಲ್ಲಿ ಹೆಂಡತಿಯ ಮಾತು ನೆನಪಾಗಿ, ಕಣ್ಣು ಮುಚ್ಚಿ ಚೆಂಡನ್ನು ಹಿಂದಕ್ಕೆ ಎಸೆದೆ. ಅದನ್ನು ಹಿಡಿದವಳು ಮಾಲತಿ. “ಥ್ಯಾಂಕ್ಸ್ ಸರ್,” ಎಂದು ಹೇಳಿ ಅವಳು ಅಷ್ಟು ದೂರವನ್ನೂ ಓಡಿ ಗೆದ್ದಳು. ನನ್ನನ್ನು ಮಣ್ಣಿನಿಂದ ಕೀಳಲು ಎರಡೂ ತಂಡದವರು ಸೇರಬೇಕಾಯಿತು. ಸರ್ವರ ಪಾಲ್ಗೊಳ್ಳುವಿಕೆ ಎಂದರೆ ಅದೇ ಇರಬೇಕು.

ಆಟ ಮುಗಿದ ಮೇಲೆ ಮೇಡಂ ನಮ್ಮ ಮನೆಗೂ ಬಂದರು. ಹೆಂಗಸರು ಬಟ್ಟೆ ಬದಲಿಸುವ ಜಾಗ ಯಾವುದೆಂದು ನೋಡಬೇಕಿತ್ತು. ಶಬಾನಾ ಅವರನ್ನು ಒಳಗೆ ಕರೆದೊಯ್ದು ತೋರಿಸಿದಳು. ಏನು ಮಾತಾಡಿದರೋ ತಿಳಿಯದು, ನಾನು ಎಂದಿನಂತೆ ಕಟ್ಟೆಯ ಮೇಲಿದ್ದೆ. ಹೊರಗೆ ಬಂದಾಗ ಮೇಡಂ ಮುಖ ಗಂಭೀರವಾಗಿತ್ತು. ಜೀಪು ಹತ್ತುವ ಮುನ್ನ ಬಸಯ್ಯನವರಿಗೆ, “ಕೋಣೆ ಆಗಲೇಬೇಕು, ನಾನು ಬರೀತೀನಿ. ನೀವು ನಿಜವಾಗ್ಲೂ ಎಲ್ಲರನ್ನೂ ಸೇರಿಸ್ಕೊಂಡಿದ್ದೀರ. ಜೀವನದಲ್ಲಿ ಒಂದು ದಿನವೂ ಆಟ ಆಡದ ಆ ಯಜಮಾನ್ರನ್ನೂ ಬಿಟ್ಟಿಲ್ಲವಲ್ಲ, ಅದು ನನಗೆ ತುಂಬಾ ಹಿಡಿಸ್ತು. ಯಾರವರು?” ಎಂದು ನನ್ನ ಕಡೆ ನೋಡಿದರು.

ನಾನು ಮುಂದೆ ಬಂದು ನನ್ನ ಹುದ್ದೆ ಹೇಳಬೇಕೆಂದಿದ್ದೆ. ಬಸಯ್ಯನವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಶಾಲೆಯ ಪಿ.ಟಿ. ಮಾಸ್ತರನೇ ಈತ ಎಂದು ಗೊತ್ತಾದರೆ ಕೋಣೆಯ ಗತಿ ಏನು? ಬಸಯ್ಯನವರು ಕನ್ನಡಕ ಹಣೆಗೇರಿಸಿ, “ಅವರು ನಮ್ಮ ಆಟಗಾರ್ತಿ ಗಿರಿಜಮ್ಮನ ಮನಿಯವ್ರು ರೀ ಮೇಡಂ,” ಎಂದರು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಕೈ ಮುಗಿದು, “ಹೌದ್ರಿ, ಮನಿ ಇದ ನೋಡ್ರಿ,” ಎಂದೆ.

ಕೋಣೆ ಬಂತು. ಬಾಗಿಲು, ಚಿಲಕ, ನಲ್ಲಿಯಲ್ಲಿ ನೀರು, ಗಾಲಿಕುರ್ಚಿ ಹೋಗುವ ಇಳಿಜಾರು ಎಲ್ಲ ಇದೆ. ಮೈದಾನ ಸಮತಟ್ಟು ಮಾಡುವುದು ಮಾತ್ರ ಮುಂದಿನ ಹಂತಕ್ಕೆ ಹೋಗಿದೆ. ವರದಿಯ ಪ್ರಕಾರ ಆಟಗಾರರು ಈಗಿರುವ ಮೈದಾನಕ್ಕೆ ಚೆನ್ನಾಗಿ ಹೊಂದಿಕೊಂಡಿದ್ದಾರಂತೆ. ರಜಿಯಾ ಆಪಾ ಕೋಚ್ ತರಬೇತಿಗೆ ಹೋಗಿ ಬಂದರು. ಶಬಾನಾಳ ಹೊಟ್ಟೆನೋವು ವಾಸಿಯಾಗಿದೆ. ನಮ್ಮ ಮನೆ ಸಂಜೆಹೊತ್ತು ನನಗೇ ಸಿಕ್ಕಿತು. ಆದರೆ ಖಾಲಿ ಮನೆಯಲ್ಲಿ ಒಬ್ಬನೇ ಕುಳಿತು ಚಹಾ ಕುಡಿಯುವುದು ರುಚಿಸಲಿಲ್ಲ. ಗಿರಿಜಾ ಹೇಗೂ ಮೈದಾನದಲ್ಲಿರುತ್ತಾಳೆ. ಹೋಗಿ ದಂಡೆಯಲ್ಲಿ ಕೂರತೊಡಗಿದೆ. ಒಂದು ದಿನ ರಜಿಯಾ ಆಪಾ ಕರೆದರು. “ಸರ್, ಹೊಸಾ ಹೆಂಗಸರು ಬಂದಾರ. ಭಾಳ ನಾಚಿಕೊಳ್ಳಾಕತ್ಯಾರ, ಹೆದ್ರಾಕತ್ಯಾರ. ನೀವು ಜರಾ ಚೆಂಡು ಹಿಡಕೊಂಡು ಓಡ್ರಿ, ಅವರು ರಿಬ್ಬನ್ ಕೀಳ್ತಾರ. ಧೈರ್ಯ ಬರ್ತದ.”

ಓಡಿದೆ. ಅವರಲ್ಲಿ ಎಲ್ಲರಿಗಿಂತ ನಾಚಿಕೆಯ, ತಲೆಯ ಮೇಲಿನ ಸೆರಗನ್ನೂ ಇಳಿಸದಿದ್ದ ಹೆಂಗಸು ಮೊದಲ ಯತ್ನಕ್ಕೇ ನನ್ನ ರಿಬ್ಬನ್ ಕಿತ್ತು, ಅದನ್ನು ಮೇಲೆತ್ತಿ ಹಿಡಿದು ನಕ್ಕಳು. ಮರುದಿನ ಅವಳು ತನ್ನ ನೆಗೆಣ್ಣಿಯನ್ನೂ ಕರೆತಂದಳು. ಈಗ ಹೊಸದಾಗಿ ಯಾರೇ ಬರಲಿ, ಮೊದಲು ನನ್ನ ಮೇಲೆ ಬಿಡುತ್ತಾರೆ. ನನ್ನ ರಿಬ್ಬನ್ ಕಿತ್ತವರು ಮತ್ತೆ ಹೆದರುವುದಿಲ್ಲ. ಇಷ್ಟು ವರ್ಷದ ಸರ್ವಿಸಿನಲ್ಲಿ ನನ್ನಿಂದ ಇಷ್ಟು ಜನ ಆಟ ಕಲಿತದ್ದು ಇದೇ ಮೊದಲು.